ಅಲನ್ ಟ್ಯೂರಿಂಗ್

ಅಲನ್ ಮ್ಯಾಥಿಸನ್ ಟ್ಯೂರಿಂಗ್ (ಜೂನ್ 23, 1912 – ಜೂನ್ 7, 1954) ಇಂಗ್ಲೆಂಡಿನ ಗಣಿತಜ್ಞರು, ತರ್ಕಶಾಸ್ತ್ರಜ್ಞರು ಹಾಗೂ ಸಂಕೇತಲಿಪಿ ತಜ್ಞರು. ಗಣಕವಿಜ್ಞಾನಕ್ಕೆ ತಾತ್ತ್ವಿಕ ತಳಹದಿಯನ್ನು ಹಾಕಿದವರಲ್ಲಿ ಇವರು ಪ್ರಮುಖರು. ಒಂದೇ ಯಂತ್ರಕ್ಕೆ ಬೇರೆ ಬೇರೆ ಸೂಚನೆಗಳನ್ನು ನೀಡಿ ಬೇರೆ ಬೇರೆ ಕೆಲಸಗಳನ್ನು ಮಾಡಿಸಬಹುದೆಂಬ ಇವರ ಕಲ್ಪನೆಯು ಇಂದಿನ ಗಣಕಯಂತ್ರ ಮತ್ತು ಮೊಬೈಲ್ ಫೋನುಗಳ ಮೂಲತತ್ತ್ವವಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಟ್ಯೂರಿಂಗ್ ಜನಿಸಿದ್ದು ಲಂಡನ್ ನಗರದ ಮೈಡಾ ವೇಲ್‌ನಲ್ಲಿ. ತಂದೆ ಜೂಲಿಯಸ್ ಮದರಾಸು ಪ್ರಾಂತದಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿಯಾಗಿದ್ದರು. ತಾಯಿ ಎಥೆಲ್ ಸಾರಾ ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರೊಬ್ಬರ ಮಗಳು. ತಂದೆತಾಯಿಯರು ಭಾರತದಲ್ಲಿದ್ದ ಕಾಲದಲ್ಲಿ ಅಲನ್ ಮತ್ತು ಅವರ ಅಣ್ಣ ಇಂಗ್ಲೆಂಡಿನಲ್ಲಿ ಪರರ ಆಶ್ರಯದಲ್ಲಿ ಬೆಳೆದರು. ಶೆರ್ಬೋರ್ನ್ ಶಾಲೆಯ ವ್ಯಾಸಂಗದ ನಂತರ 1931ರಲ್ಲಿ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜನ್ನು ಸೇರಿ, 1935ರಲ್ಲಿ ಅಲ್ಲಿಯೇ ಫೆಲೋ ಆಗಿ ಆಯ್ಕೆಯಾದರು. ಮುಂದೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1938ರಲ್ಲಿ ಡಾಕ್ಟರೇಟ್ ಪಡೆದರು.

ಟ್ಯೂರಿಂಗ್ ಯಂತ್ರ

ಗಣಿತದ ಯಾವುದೇ ಹೇಳಿಕೆಯನ್ನು ಸಾಧಿಸಲು ಸಾಧ್ಯವೇ ಇಲ್ಲವೇ ಎಂದು ನಿರ್ಣಯಿಸುವ ಸಾರ್ವತ್ರಿಕ ವಿಧಾನವೊಂದು ಇದೆಯೇ ಎಂಬುದು ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಎತ್ತಿದ್ದ ಪ್ರಶ್ನೆ. ಇದನ್ನು ಬಿಡಿಸಲು ಟ್ಯೂರಿಂಗ್ 1936ರಲ್ಲಿ ಸರಳವಾದ ಯಂತ್ರವೊಂದನ್ನು ಕಲ್ಪಿಸಿದರು. ಮನೆಗಳಾಗಿ ವಿಂಗಡಿಸಿದ, ಕೊನೆಯಿಲ್ಲದ ಪಟ್ಟಿಯ ಮೇಲೆ ಒಮ್ಮೆಗೆ ಒಂದು ಮನೆಯ ಚಿಹ್ನೆಯನ್ನು ಓದುವುದು, ನಿಯಮದಂತೆ ಅದನ್ನು ಅಳಿಸುವುದು ಅಥವಾ ಬರೆಯುವುದು, ಎಡಕ್ಕೋ ಬಲಕ್ಕೋ ಸರಿಯುವುದು ಇಷ್ಟೇ ಅದರ ಕೆಲಸ. ಇಂತಹ ಯಾವುದೇ ಯಂತ್ರದ ನಿಯಮಗಳನ್ನು ಪಟ್ಟಿಯ ಮೇಲೆಯೇ ಬರೆದುಕೊಟ್ಟರೆ ಅದರಂತೆ ನಡೆಯಬಲ್ಲ ಸಾರ್ವತ್ರಿಕ ಯಂತ್ರವೂ ಸಾಧ್ಯವೆಂದು ಅವರು ತೋರಿಸಿದರು. ಯಂತ್ರವನ್ನು ಬದಲಿಸದೆ ಸೂಚನೆಯನ್ನು ಮಾತ್ರ ಬದಲಿಸುವ ತಂತ್ರಾಂಶದ ಕಲ್ಪನೆ ಇದರಲ್ಲಿ ಅಡಗಿದೆ. ಯಾವ ಯಂತ್ರವೂ ಬಿಡಿಸಲಾರದ ಸಮಸ್ಯೆಗಳಿವೆ ಎಂಬುದನ್ನೂ ಸಾಧಿಸಿ, ಹಿಲ್ಬರ್ಟ್‌ರ ಪ್ರಶ್ನೆಗೆ ಇಲ್ಲವೆಂಬ ಉತ್ತರವನ್ನು ನೀಡಿದರು.

ಯುದ್ಧಕಾಲದ ಸೇವೆ

ಎರಡನೆಯ ಮಹಾಯುದ್ಧ ಆರಂಭವಾದೊಡನೆ, 1939ರ ಸೆಪ್ಟೆಂಬರ್‌ನಲ್ಲಿ, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್‌ನ ರಹಸ್ಯ ಕೇಂದ್ರವನ್ನು ಸೇರಿದರು. ಜರ್ಮನ್ ಸೇನೆಯು ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಗೂಢಲಿಪಿಗೆ ಪರಿವರ್ತಿಸುತ್ತಿತ್ತು. ಪೋಲೆಂಡಿನ ಗಣಿತಜ್ಞರು ಯುದ್ಧಕ್ಕೆ ಮೊದಲೇ ಇದನ್ನು ಭೇದಿಸಿ ತಮ್ಮ ತಿಳಿವಳಿಕೆಯನ್ನು ಬ್ರಿಟನ್ನಿಗೆ ಹಂಚಿದ್ದರು. ಎನಿಗ್ಮಾದಲ್ಲಿ ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಬರುತ್ತಿರಲಿಲ್ಲ. ಸಂದೇಶದಲ್ಲಿ ಇರಬಹುದೆಂದು ಊಹಿಸಿದ ಪದದ ಸ್ಥಾನವನ್ನು ಗುರುತಿಸಲು ಈ ದೌರ್ಬಲ್ಯ ನೆರವಾಯಿತು. ಅಂತಹ ಪದಗಳ ಆಧಾರದಿಂದ ಆ ದಿನದ ಜೋಡಣೆಯನ್ನು ಹುಡುಕುವ ಬಾಂಬ್ ಎಂಬ ಯಂತ್ರವನ್ನು ಟ್ಯೂರಿಂಗ್ ವಿನ್ಯಾಸಗೊಳಿಸಿದರು. ಗೋರ್ಡನ್ ವೆಲ್ಚ್‌ಮನ್ ಅದನ್ನು ಸುಧಾರಿಸಿದರು. ನೌಕಾಪಡೆಯ ಸಂದೇಶಗಳನ್ನು ಓದುವ ವಿಭಾಗಕ್ಕೂ ಟ್ಯೂರಿಂಗ್ ಮುಖ್ಯಸ್ಥರಾಗಿದ್ದರು. ಬ್ರಿಟನ್ನಿಗೆ ಆಹಾರ, ಸಾಮಗ್ರಿ ತರುತ್ತಿದ್ದ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳಿಂದ ಪಾರುಮಾಡಲು ಇದು ಸಹಾಯಕವಾಯಿತು. ಈ ಕಾರ್ಯವು 1970ರ ದಶಕದವರೆಗೆ ಗುಟ್ಟಾಗಿಯೇ ಉಳಿಯಿತು.

ಗಣಕಯಂತ್ರ ಮತ್ತು ಕೃತಕ ಬುದ್ಧಿಮತ್ತೆ

ಯುದ್ಧಾನಂತರ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ಎಸಿಇ ಎಂಬ ಗಣಕಯಂತ್ರದ ವಿನ್ಯಾಸವನ್ನು ರೂಪಿಸಿದರು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವನ್ನು ಸೇರಿದರು. 1950ರ ಲೇಖನದಲ್ಲಿ, ಬರಹದ ಮೂಲಕ ಸಂಭಾಷಿಸುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ಪರೀಕ್ಷಕನಿಗೆ ಗುರುತಿಸಲಾಗದಿದ್ದರೆ ಆ ಯಂತ್ರವನ್ನು ಬುದ್ಧಿಯುಳ್ಳದ್ದೆಂದು ಭಾವಿಸಬಹುದೆಂಬ ವಿಚಾರವನ್ನು ಮಂಡಿಸಿದರು. ಇದು ಟ್ಯೂರಿಂಗ್ ಪರೀಕ್ಷೆ ಎಂದು ಪ್ರಸಿದ್ಧವಾಗಿದೆ. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಪ್ರಾಣಿಗಳ ಮೈಮೇಲಿನ ಚುಕ್ಕೆ, ಪಟ್ಟೆಗಳಂತಹ ವಿನ್ಯಾಸಗಳು ರೂಪುಗೊಳ್ಳುವ ಬಗೆಯನ್ನು ಗಣಿತದಿಂದ ವಿವರಿಸುವ ಪ್ರಬಂಧವನ್ನು 1952ರಲ್ಲಿ ಪ್ರಕಟಿಸಿದರು.

ಶಿಕ್ಷೆ ಮತ್ತು ಮರಣ

ಆಗ ಬ್ರಿಟನ್ನಿನಲ್ಲಿ ಪುರುಷರ ಸಲಿಂಗ ಸಂಬಂಧವು ಅಪರಾಧವಾಗಿತ್ತು. 1952ರಲ್ಲಿ ಈ ಕಾನೂನಿನಡಿ ಟ್ಯೂರಿಂಗ್ ತಪ್ಪಿತಸ್ಥರೆಂದು ತೀರ್ಪಾಯಿತು. ಸೆರೆವಾಸಕ್ಕೆ ಬದಲಾಗಿ ಅವರು ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. ಸರ್ಕಾರದ ಸಂಕೇತಲಿಪಿ ಕಾರ್ಯಕ್ಕೆ ಇದ್ದ ಅನುಮತಿಯೂ ರದ್ದಾಯಿತು. 1954ರ ಜೂನ್ 7ರಂದು ವಿಲ್ಮ್‌ಸ್ಲೋದ ತಮ್ಮ ಮನೆಯಲ್ಲಿ ಸಯನೈಡ್ ವಿಷದಿಂದ ನಿಧನರಾದರು. ವಿಚಾರಣೆಯು ಇದನ್ನು ಆತ್ಮಹತ್ಯೆಯೆಂದು ನಿರ್ಣಯಿಸಿತು. ಆಕಸ್ಮಿಕವೆಂದು ಅವರ ತಾಯಿ ನಂಬಿದ್ದರು.

ಗೌರವಗಳು

ಗಣಕವಿಜ್ಞಾನದ ಅತ್ಯುನ್ನತ ಪ್ರಶಸ್ತಿಯಾದ ಟ್ಯೂರಿಂಗ್ ಪ್ರಶಸ್ತಿಯನ್ನು 1966ರಿಂದ ನೀಡಲಾಗುತ್ತಿದೆ. 2009ರಲ್ಲಿ ಪ್ರಧಾನಿ ಗೋರ್ಡನ್ ಬ್ರೌನ್ ಬ್ರಿಟಿಷ್ ಸರ್ಕಾರದ ಪರವಾಗಿ ಕ್ಷಮೆ ಯಾಚಿಸಿದರು. 2013ರಲ್ಲಿ ಮರಣೋತ್ತರ ರಾಜಕ್ಷಮೆ ದೊರೆಯಿತು. ಅದೇ ಕಾನೂನಿನಡಿ ಶಿಕ್ಷೆಗೊಳಗಾಗಿ ಮೃತರಾದ ಸಾವಿರಾರು ಜನರಿಗೂ 2017ರಲ್ಲಿ ಕ್ಷಮೆ ವಿಸ್ತರಿಸಿತು. 2021ರ ಜೂನ್ 23ರಂದು, ಅವರ ಜನ್ಮದಿನದಂದೇ, ಅವರ ಚಿತ್ರವಿರುವ 50 ಪೌಂಡಿನ ನೋಟು ಚಲಾವಣೆಗೆ ಬಂದಿತು.