ಚಿರಂಜೀವಿಗೆ ಮರಣವಿತ್ತ ಶ್ರೀಯವರು

ಹಳೆಯ ದುರಂತ ನಾಟಕಗಳನ್ನು ಹದಿಹರೆಯದವರ ಬಾಳಿಗೆ ಹೊಂದಿಸಿದ ಚಲನಚಿತ್ರಗಳಿವೆ. 2001ರಲ್ಲಿ ಬಂದ 'ಓ' ಚಿತ್ರದಲ್ಲಿ ಷೇಕ್ಸ್‌ಪಿಯರನ ಒಥೆಲೊ ಅಮೆರಿಕದ ಶಾಲೆಯೊಂದರ ಬ್ಯಾಸ್ಕೆಟ್‌ಬಾಲ್ ಆಟಗಾರ. ಅದನ್ನು ನೋಡಿದಾಗ ನನಗೆ ಬಿ. ಎಂ. ಶ್ರೀಕಂಠಯ್ಯನವರ ನೆನಪಾಯಿತು.

ಶ್ರೀಯವರು ಜನಿಸಿದುದು 1884ರಲ್ಲಿ, ತುಮಕೂರು ಸೀಮೆಯ ಸಂಪಿಗೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಕನ್ನಡಕ್ಕಾಗಿ ದುಡಿದರು. ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ರೂಪಿಸಿದರು. 1935ರಲ್ಲಿ ಈಸ್ಕಿಲಸನ 'ಪಾರಸಿಕರು' ನಾಟಕವನ್ನು ಅನುವಾದಿಸಿದರು. ಇವೆರಡರ ನಡುವೆ, 1929ರಲ್ಲಿ ಬಂದುದು 'ಅಶ್ವತ್ಥಾಮನ್'.

ಸಾಫೊಕ್ಲೀಸನ ವೀರ ಅಯಾಸನು ಅವಮಾನದಿಂದ ಮತಿಗೆಟ್ಟು, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕೊಲ್ಲುತ್ತಾನೆ. ಎಚ್ಚರವಾದ ಮೇಲೆ ನಾಚಿಕೆ ತಾಳಲಾರದೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಶ್ರೀಯವರು ಆ ಪಾತ್ರವನ್ನು ದ್ರೋಣಪುತ್ರನಿಗೆ ಕೊಟ್ಟರು. ನಮ್ಮ ನಂತೂರಿನಲ್ಲಿ ಯಕ್ಷಗಾನ ನೋಡಿ ಬೆಳೆದ ನನ್ನಂಥವರಿಗೆ ಅಶ್ವತ್ಥಾಮನೆಂದರೆ ಚಿರಂಜೀವಿ. ಅವನನ್ನೇ ರಂಗದಲ್ಲಿ ಸಾಯಿಸಲು ಎಷ್ಟು ಧೈರ್ಯ ಬೇಕು! ಪುರಾಣಕ್ಕೆ ಅಪಚಾರವಾಯಿತೆಂದು ಮುನಿಯುವವರು ಮುನಿಯಲಿ. ಸಾವಿಲ್ಲದವನಾಗಿ ಉಳಿದಿದ್ದರೆ ಅವನ ಪಶ್ಚಾತ್ತಾಪಕ್ಕೆ ಕೊನೆಯೆಲ್ಲಿ? ಬರಿಯ ವೇಷ ಬದಲಿಸಿದರೆ ದುರಂತವು ನಮ್ಮದಾಗದು. ನಮಗೆ ಪ್ರಿಯವಾದುದೊಂದನ್ನು ಅದಕ್ಕೆ ತೆತ್ತಾಗಲೇ ಆದೀತು.

1946ರಲ್ಲಿ ಶ್ರೀಯವರು ಧಾರವಾಡದಲ್ಲಿ ತೀರಿಕೊಂಡರು. ಮಿತ್ರರೇ, ಮುಂದೆ ಇಂತಹ ಚಿತ್ರವೊಂದನ್ನು ಕಂಡಾಗ 'ಅಶ್ವತ್ಥಾಮನ್' ಅನ್ನೂ ಒಮ್ಮೆ ಓದಿರಿ.