ಪ್ರೊ. ಬೀರಬಲ್ ಸಾಹ್ನಿ (1891–1949)

ಭಾರತದಲ್ಲಿ ಪುರಾಸಸ್ಯವಿಜ್ಞಾನಕ್ಕೆ, ಅಂದರೆ ಪಳೆಯುಳಿಕೆ ಸಸ್ಯಗಳ ಅಧ್ಯಯನಕ್ಕೆ, ಭದ್ರ ಬುನಾದಿ ಹಾಕಿದವರಲ್ಲಿ ಪ್ರೊ. ಬೀರಬಲ್ ಸಾಹ್ನಿಯವರು ಅಗ್ರಗಣ್ಯರು. ಮಳೆಮಾಪನದ ದಾಖಲೆಗಳು ಆರಂಭವಾಗುವುದಕ್ಕೆ ಸಹಸ್ರಾರು ವರ್ಷಗಳ ಮುಂಚಿನ ಮಳೆ, ಗಾಳಿಗಳ ಸ್ವರೂಪವನ್ನು ಮಣ್ಣಿನಲ್ಲಿ ಹುದುಗಿರುವ ಎಲೆ, ಕಾಯಿ ಹಾಗೂ ಪರಾಗಗಳಿಂದ ಅರಿಯಬಹುದೆಂಬುದಕ್ಕೆ ಇವರು ತೋರಿದ ಮಾರ್ಗ ನಿದರ್ಶನವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಸಾಹ್ನಿಯವರು 1891ರ ನವೆಂಬರ್ 14ರಂದು ಈಗ ಪಾಕಿಸ್ತಾನದಲ್ಲಿರುವ ಭೇರಾ ಎಂಬ ಊರಿನಲ್ಲಿ ಜನಿಸಿದರು. ತಂದೆ ರುಚಿರಾಮ್ ಸಾಹ್ನಿಯವರು ಭಾರತ ಹವಾಮಾನ ಇಲಾಖೆಯಲ್ಲಿ ಕೆಲಕಾಲ ಸೇವೆ ಸಲ್ಲಿಸಿ, ಅನಂತರ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಲಾಹೋರಿನಲ್ಲಿ 1911ರಲ್ಲಿ ಪದವಿ ಪಡೆದ ಬೀರಬಲ್ ಅವರು ಕೇಂಬ್ರಿಜ್‌ಗೆ ತೆರಳಿ ಪ್ರೊ. ಸೆವರ್ಡ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. 1919ರಲ್ಲಿ ಸ್ವದೇಶಕ್ಕೆ ಮರಳಿ, 1921ರಲ್ಲಿ ಲಕ್ನೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಚುನಾಯಿತರಾದರು.

ಸಂಶೋಧನೆ

ಕಾಶ್ಮೀರದ ಪೀರ್ ಪಂಜಾಲ್ ಶ್ರೇಣಿಯ ಎತ್ತರದ ಪ್ರದೇಶಗಳಲ್ಲಿ ಪುರಾತನ ಸರೋವರದ ಕೆಸರು ಪದರಗಳಿವೆ. ಅವುಗಳಲ್ಲಿ ನೀರಿನಲ್ಲಿ ಬೆಳೆಯುವ ಸಿಂಗಾಡೆ ಮುಂತಾದ ಸಸ್ಯಗಳ ಅವಶೇಷಗಳು ದೊರೆತಿವೆ. ಸಿಂಗಾಡೆ ಇಂದು ಬೆಳೆಯುವುದು ಅದಕ್ಕಿಂತ ಸಾವಿರಾರು ಅಡಿ ಕೆಳಗಿರುವ ಕಣಿವೆಯ ಸರೋವರಗಳಲ್ಲಿ. ಆದ್ದರಿಂದ ಈ ಪರ್ವತಶ್ರೇಣಿಯು ಮಾನವನು ಭೂಮಿಯ ಮೇಲೆ ಕಾಣಿಸಿಕೊಂಡ ನಂತರವೂ ಎತ್ತರಕ್ಕೇರಿದೆಯೆಂದು ಸಾಹ್ನಿಯವರು ಪ್ರತಿಪಾದಿಸಿದರು. ಈ ವಿಷಯದ ಕುರಿತು ಇವರು ಬರೆದ ಲೇಖನವು 1936ರಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರ್ವತ ಎತ್ತರವಾದಂತೆ ಮುಂಗಾರು ಮಾರುತಕ್ಕೆ ತಡೆಯುಂಟಾಗಿ, ಕಣಿವೆಯ ಮಳೆಯೂ ಸಸ್ಯವರ್ಗವೂ ಬದಲಾದವೆಂಬ ವಿಚಾರವನ್ನು ಇವರೂ ಇವರ ಶಿಷ್ಯರೂ ಮುಂದಿಟ್ಟರು.

ಸಂಸ್ಥೆಯ ಸ್ಥಾಪನೆ

ಇಂತಹ ಅಧ್ಯಯನವು ಒಬ್ಬರ ಜೀವಿತಾವಧಿಯಲ್ಲಿ ಮುಗಿಯುವಂತಹುದಲ್ಲವೆಂದು ಮನಗಂಡ ಸಾಹ್ನಿ ದಂಪತಿಗಳು ತಮ್ಮ ಹಣ, ಗ್ರಂಥಭಂಡಾರ ಹಾಗೂ ಪಳೆಯುಳಿಕೆಗಳ ಸಂಗ್ರಹವನ್ನು ನೀಡಿ 1946ರಲ್ಲಿ ಲಕ್ನೋದಲ್ಲಿ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಅದರ ಕಟ್ಟಡಕ್ಕೆ 1949ರ ಏಪ್ರಿಲ್ 3ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ನೆರವೇರಿಸಿದರು. ಇದಾದ ಒಂದೇ ವಾರದಲ್ಲಿ, ತಮ್ಮ 57ನೆಯ ವಯಸ್ಸಿನಲ್ಲಿ, ಸಾಹ್ನಿಯವರು ಹೃದಯಾಘಾತದಿಂದ ನಿಧನರಾದರು. ಕಟ್ಟಡವಿನ್ನೂ ಮೇಲೇಳದಿದ್ದ ಆ ಸಂಸ್ಥೆಯ ಹೊಣೆಯನ್ನು ಪತ್ನಿ ಸಾವಿತ್ರಿ ಸಾಹ್ನಿಯವರು ವಹಿಸಿಕೊಂಡರು. 1953ರ ಜನವರಿಯಲ್ಲಿ ಕಟ್ಟಡವು ಉದ್ಘಾಟನೆಗೊಂಡಿತು. ಸಂಸ್ಥೆಯು ಇಂದು ಬೀರಬಲ್ ಸಾಹ್ನಿಯವರ ಹೆಸರಿನಲ್ಲಿಯೇ ಕಾರ್ಯನಿರ್ವಹಿಸುತ್ತಿದೆ.

ನೀಲಗಿರಿಯ ಪೀಟ್ ಮಣ್ಣು

ಜೌಗು ನೆಲದಲ್ಲಿ ಸಸ್ಯಗಳು ಪೂರ್ಣವಾಗಿ ಕೊಳೆಯದೆ ಪದರಪದರವಾಗಿ ಸೇರಿ ಉಂಟಾಗುವ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ಕರ್ನಾಟಕದ ಗಡಿಗೆ ಹೊಂದಿರುವ ನೀಲಗಿರಿಯ ಎತ್ತರದ ಕಣಿವೆಗಳಲ್ಲಿ ಇಂತಹ ಮಣ್ಣಿದೆ. ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು ಅದರಲ್ಲಿನ ಪರಾಗಗಳನ್ನು ಪರೀಕ್ಷಿಸಿ, ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ಪೂರ್ವಚರಿತ್ರೆಯನ್ನು ಅರಸಿದರು. ಮರಗಳಲ್ಲಿಯೂ ಒಣಹವೆಗೆ ಹೊಂದಿಕೊಂಡ ಹುಲ್ಲುಗಳಲ್ಲಿಯೂ ಇಂಗಾಲದ ಎರಡು ಬಗೆಗಳ ಪ್ರಮಾಣ ಭಿನ್ನವಾಗಿರುತ್ತದೆ. ಇದನ್ನಾಧರಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸಹಸಂಶೋಧಕರೂ ಸುಮಾರು 20,000 ವರ್ಷಗಳ ಮುಂಗಾರಿನ ಏರಿಳಿತಗಳನ್ನು 1993ರಲ್ಲಿ ಪ್ರಕಟಿಸಿದರು. ಹಿಮಯುಗದ ಪರಾಕಾಷ್ಠೆಯಲ್ಲಿ ಒಣಹವೆಯಿದ್ದು, ತರುವಾಯ ಮುಂಗಾರು ಬಲಗೊಂಡು, ಮುಂದೆ ಮತ್ತೆ ಕ್ಷೀಣಿಸಿತೆಂದು ಇದರಿಂದ ತಿಳಿದುಬಂದಿತು.

ಭಾರತ ಹವಾಮಾನ ಇಲಾಖೆಯು ಸ್ಥಾಪನೆಯಾದದ್ದು 1875ರಲ್ಲಿ. ಅಷ್ಟು ಕಾಲದ ಅಂಕಿಅಂಶಗಳಿಂದ ಮಳೆಯ ದೀರ್ಘಾವಧಿ ಸ್ವಭಾವವನ್ನು ಪೂರ್ಣವಾಗಿ ಅರಿಯಲಾಗದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂತಹ ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿ ಶೇಂಗಾ, ರಾಗಿ ಬಿತ್ತುವ ರೈತರಿಗೆ ಮಳೆ ಎಷ್ಟರಮಟ್ಟಿಗೆ ಕೈಕೊಡಬಲ್ಲದೆಂಬುದು ಬದುಕಿನ ಪ್ರಶ್ನೆಯಾಗಿದೆ. ಅದಕ್ಕೆ ಉತ್ತರ ಹುಡುಕುವ ಕಾರ್ಯದಲ್ಲಿ ಸಾಹ್ನಿಯವರು ಕಟ್ಟಿದ ವಿದ್ಯಾಪರಂಪರೆಯು ಇಂದಿಗೂ ಉಪಯುಕ್ತವಾಗಿದೆ.