ಹಾಲು ಕರೆದ ಕೈಗೆ ಒಲಿದ ತಾಯ್ತನದ ರಸದೂತ

ಕರುವನ್ನು ಕೆಚ್ಚಲಿಗೆ ಬಿಡದಿದ್ದರೆ ಆಕಳು ಸುಲಭವಾಗಿ ಹಾಲಿಳಿಸುವುದಿಲ್ಲ ಎಂಬುದು ಸಿಂಧನೂರು ತಾಲ್ಲೂಕಿನ ಸಾಲಗುಂದದಂತಹ ಊರುಗಳಲ್ಲಿ ದನ ಸಾಕಿದವರಿಗೆಲ್ಲ ತಿಳಿದ ಸಂಗತಿ. ಹಾಗೆ ಹಾಲಿಳಿಸುವ ಆಕ್ಸಿಟೋಸಿನ್ ಎಂಬ ರಸದೂತವನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದವರು ಅಮೆರಿಕದ ವಿನ್ಸೆಂಟ್ ಡು ವಿನ್ಯೋ. ಕುತೂಹಲದ ಸಂಗತಿಯೆಂದರೆ, ಅವರೂ ಹದಿಹರೆಯದಲ್ಲಿ ಹಾಲು ಕರೆದವರೇ.

1901ರ ಮೇ 18ರಂದು ಶಿಕಾಗೋದಲ್ಲಿ ಜನಿಸಿದ ಡು ವಿನ್ಯೋ ಅವರ ಶಾಲಾ ದಿನಗಳ ಕೊನೆಗೆ ಮೊದಲ ಮಹಾಯುದ್ಧ ನಡೆದಿತ್ತು. ಹೊಲಗಳಲ್ಲಿ ಆಳುಗಳ ಕೊರತೆಯಿದ್ದುದರಿಂದ ವಿದ್ಯಾರ್ಥಿಗಳನ್ನು ದುಡಿಮೆಗೆ ಕಳುಹಿಸಲಾಗುತ್ತಿತ್ತು. 1918ರಲ್ಲಿ ಹಾಗೆ ಹೋದ ಹುಡುಗ ಹಾಲು ಕರೆಯುವುದರಲ್ಲಿ ಪಳಗಿ, ರೈತನೇ ಆಗಿಬಿಡುವ ಆಲೋಚನೆಯಲ್ಲಿದ್ದ. ಅಕ್ಕ ಬೀಟ್ರಿಸ್ ಒತ್ತಾಯಿಸಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿಸಿದಳು. ಹೋಟೆಲ್ ಮಾಣಿಯ ಕೆಲಸವನ್ನೂ ಮಾಡುತ್ತ ಓದಿದ ಅವರು, ಅಲ್ಲಿ ಪರಿಚಯವಾದ ಜೆಲ್ಲಾ ಅವರನ್ನು 1924ರಲ್ಲಿ ವಿವಾಹವಾದರು.

1927ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದಿಂದ ಇನ್ಸುಲಿನ್ ಕುರಿತ ಸಂಶೋಧನೆಗೆ ಡಾಕ್ಟರೇಟ್ ಬಂತು. ಇನ್ಸುಲಿನ್‌ನಲ್ಲಿರುವ ಗಂಧಕದ ಜಾಡು ಹಿಡಿದು ಹೊರಟ ಅವರ ಪಯಣವು ಬಯೋಟಿನ್, ಪೆನಿಸಿಲಿನ್‌ಗಳನ್ನು ಹಾದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತಲುಪಿತು. ಆ ಗ್ರಂಥಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆ ಎಂದು ಬ್ರಿಟನ್ನಿನ ಹೆನ್ರಿ ಡೇಲ್ 1906ರಲ್ಲಿಯೇ ಕಂಡಿದ್ದರು. ಆದರೆ ಆ ಸಾರದೊಳಗಿನ ವಸ್ತು ಯಾವುದೆಂಬುದು ದಶಕಗಳ ಕಾಲ ಒಗಟಾಗಿಯೇ ಉಳಿದಿತ್ತು.

ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಡು ವಿನ್ಯೋ ತಂಡ 1953ರಲ್ಲಿ ಆ ಒಗಟನ್ನು ಬಿಡಿಸಿತು. ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಗಂಧಕದ ಎರಡು ಪರಮಾಣುಗಳು ಕೈಹಿಡಿದು ಅದನ್ನು ಉಂಗುರವಾಗಿಸಿದ್ದವು. ಬರೀ ರಚನೆ ತಿಳಿದು ತೃಪ್ತರಾಗದೆ ಅದನ್ನು ಕೃತಕವಾಗಿ ತಯಾರಿಸಿಯೂ ತೋರಿಸಿದರು. ಹೆರಿಗೆಯಲ್ಲಿ, ಎದೆಹಾಲು ಇಳಿಸುವುದರಲ್ಲಿ ಅದು ನೈಸರ್ಗಿಕ ರಸದಂತೆಯೇ ವರ್ತಿಸಿತು. 1955ರ ರಸಾಯನ ವಿಜ್ಞಾನದ ನೊಬೆಲ್ ಅವರೊಬ್ಬರಿಗೇ ಸಂದಿತು.

ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ವೈದ್ಯರು ಮೊದಲು ಕೈಹಾಕುವುದು ಈ ಚುಚ್ಚುಮದ್ದಿಗೇ. ಅದೇ ಮದ್ದನ್ನು ಹೆಚ್ಚು ಹಾಲಿನ ಆಸೆಗೆ ಎಮ್ಮೆ, ಆಕಳುಗಳಿಗೆ ಚುಚ್ಚುವ ಕೆಟ್ಟ ಚಾಳಿಯೂ ದೇಶದಲ್ಲಿ ಹಬ್ಬಿತು. ಇದನ್ನು ತಡೆಯಲೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ದೇಶೀಯ ಬಳಕೆಗೆ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಲು ಮುಂದಾಯಿತು. ಆ ಹೊಣೆ ಬಿದ್ದದ್ದು ಬೆಂಗಳೂರಿನ ಸಾರ್ವಜನಿಕ ಸಂಸ್ಥೆ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಒಂದರ ಮೇಲೆಯೇ. ಒಂದೇ ಕಾರ್ಖಾನೆಯನ್ನು ನಂಬಿ ಕೂತರೆ ಬಾಣಂತಿಯರ ಪ್ರಾಣಕ್ಕೆ ಸಂಚಕಾರ ಎಂಬ ಆತಂಕ ಆಧಾರರಹಿತವೇನೂ ಆಗಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಪಡಿಸಿತು.

1974ರಲ್ಲಿ ಪಾರ್ಶ್ವವಾಯು ಬಡಿದು ಡು ವಿನ್ಯೋ ಅವರ ಸಂಶೋಧನೆ ನಿಂತಿತು. 1978ರ ಡಿಸೆಂಬರ್ 11ರಂದು ಅವರು ನಿಧನರಾದರು. ಅವರ ಪಾಲಿಗೆ ಆಕ್ಸಿಟೋಸಿನ್ ಗರ್ಭಕೋಶ ಮತ್ತು ಕೆಚ್ಚಲಿನ ರಸವಾಗಿತ್ತು. ಮರುವರ್ಷವೇ ಅಮೆರಿಕದ ಪೆಡರ್‌ಸನ್ ಮತ್ತು ಪ್ರಾಂಜ್, ಮರಿ ಹಾಕದ ಹೆಣ್ಣು ಇಲಿಗಳ ಮೆದುಳಿಗೆ ಅದನ್ನು ಹರಿಸಿದಾಗ ಅವು ಪರರ ಮರಿಗಳನ್ನು ತಾಯಿಯಂತೆ ಆರೈಕೆ ಮಾಡತೊಡಗಿದವು. ಮರಿಯ ಆರೈಕೆಗೆ ಹೈಪೋಥಲಾಮಸ್‌ನ ಮುಂಭಾಗದ ನರಕೋಶಗಳು ಬೇಕೇಬೇಕೆಂದು ಬೇರೆ ಪ್ರಯೋಗಗಳು ತೋರಿಸಿದವು. 2014ರಲ್ಲಿ ಅಂತಹ ಕೋಶಗಳನ್ನು ಚುರುಕುಗೊಳಿಸಿದಾಗ, ಮರಿಗಳನ್ನು ಕೊಲ್ಲುತ್ತಿದ್ದ ಗಂಡಿಲಿಗಳೂ ಅವುಗಳ ಮೈ ನೆಕ್ಕಿ ಶುಚಿಗೊಳಿಸಿದವು. ಅಂದಮಾತ್ರಕ್ಕೆ ಮಮತೆಯೆಂದರೆ ಆಕ್ಸಿಟೋಸಿನ್ ಒಂದೇ ಅಲ್ಲ. ಆ ರಸದ ಸಂದೇಶ ಹಿಡಿಯುವ ಗ್ರಾಹಕವೇ ಇಲ್ಲದಂತೆ ಮಾಡಿದ ಹುಲ್ಲುಗಾವಲಿನ ವೋಲ್ ಇಲಿಗಳೂ ಮರಿ ಸಾಕಿದ್ದನ್ನು 2023ರ ಅಧ್ಯಯನವೊಂದು ವರದಿ ಮಾಡಿದೆ.